ಆರಡಿ ಹಳ್ಳ

ಕೆಲಸ ಶುರುವಾದ ಐದನೆಯ ತಿಂಗಳಲ್ಲಿ ಮೊದಲ ಮೀನು ನೀರಿಗಿಳಿಯಿತು. ಅಲ್ಲಿಯವರೆಗೆ ಮನೆಗೆ ಬಂದವರೆಲ್ಲ ತೊಟ್ಟಿಯ ಮುಂದೆ ನಿಂತು ಕೇಳಿದ್ದು ಒಂದೇ ಮಾತು: ಮೀನೆಲ್ಲಿ? ಮೊದಮೊದಲು ತಾಳ್ಮೆಯಿಂದ ವಿವರಿಸುತ್ತಿದ್ದೆ. ಆಮೇಲೆ ‘ಕಲ್ಲಿನ ಹಿಂದೆ ಇವೆ’ ಎಂದು ಸುಳ್ಳು ಹೇಳಲು ಕಲಿತೆ. ಹಿರಿಯರೊಬ್ಬರು ಹತ್ತು ನಿಮಿಷ ಕಾದು ಕುಳಿತು, ‘ಒಂದನ್ನು ಕಂಡೆ’ ಎಂದು ಹೇಳಿ ತೃಪ್ತಿಯಿಂದ ಎದ್ದು ಹೋದರು.

ನನಗೆ ಬೇಕಾಗಿದ್ದದ್ದು ಪಶ್ಚಿಮ ಘಟ್ಟದ ಒಂದು ಹಳ್ಳದ ತುಂಡು. ಅಕ್ವೇರಿಯಂ ಎಂದೊಡನೆ ಕಣ್ಣಿಗೆ ಬರುವ ಗಪ್ಪಿ, ಏಂಜೆಲ್, ಆಸ್ಕರ್ ಮೂರೂ ದಕ್ಷಿಣ ಅಮೆರಿಕದ ಕಡೆಯವು. ಗೋಲ್ಡ್ ಫಿಶ್ ಚೀನಾದ್ದು. ನಮ್ಮ ಘಟ್ಟದ ನೀರಿನಲ್ಲಿ ಅವುಗಳಿಗೆ ಸರಿಮಿಗಿಲಾದ ಚೆಲುವಿನ ಮೀನುಗಳಿವೆ. ಆದರೆ ಅವು ಹರಿಯುವ ನೀರಿನವು, ಗುಂಪುಗಟ್ಟಿ ಓಡುವವು. ಎರಡಡಿಯ ತೊಟ್ಟಿಯಲ್ಲಿಟ್ಟರೆ ಗೋಡೆ ಮುಟ್ಟಿ ತಿರುಗುವುದರಲ್ಲೇ ಅವುಗಳ ದಿನ ಮುಗಿಯುತ್ತದೆ. ಆದ್ದರಿಂದ ಎಲ್ಲಕ್ಕೂ ಮೊದಲು ಉದ್ದ ನಿರ್ಧಾರವಾಯಿತು: 180 ಸೆಂ.ಮೀ. ಅಗಲ 60, ಎತ್ತರ 60. ಕೊಳ್ಳುವ ಬದಲು ನಾನೇ ಕಟ್ಟುತ್ತೇನೆ ಎಂದದ್ದಕ್ಕೆ ಉಳಿತಾಯ ಒಂದು ನೆಪ ಮಾತ್ರ. ನಿಜವಾದ ಕಾರಣ ಹಟ.

ಗಾಜಿನ ದಪ್ಪದ ವಿಷಯದಲ್ಲಿ ಹಟ ನಡೆಯುವುದಿಲ್ಲ, ಲೆಕ್ಕವೇ ಬೇಕು. ನೀರು ಗಾಜನ್ನು ತಳ್ಳುವ ಬಲ ನೀರಿನ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎತ್ತರ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ನನ್ನ ತೊಟ್ಟಿಯಲ್ಲಿ ನೀರು 52 ಸೆಂ.ಮೀ. ನಿಲ್ಲುತ್ತದೆ. ಆಗ ಮುಂದಿನ ಗಾಜಿನ ಮೇಲೆ ಬೀಳುವ ಒಟ್ಟು ಬಲ ಸುಮಾರು 240 ಕಿಲೊ ತೂಕಕ್ಕೆ ಸಮ. ತೊಟ್ಟಿಯ ಅಗಲಕ್ಕೂ ಈ ಬಲಕ್ಕೂ ಸಂಬಂಧವಿಲ್ಲ. ಗಾಜಿನ ಹಿಂದೆ ಎರಡಡಿ ನೀರಿರಲಿ, ಇಡೀ ಕೆರೆಯೇ ಇರಲಿ, ಎತ್ತರ ಅಷ್ಟೇ ಆದರೆ ಬಲವೂ ಅಷ್ಟೇ. ನನ್ನ ಜೊತೆ ಗಾಜು ಹೊತ್ತ ಗೆಳೆಯ ಇದನ್ನು ಇವತ್ತಿಗೂ ನಂಬಿಲ್ಲ. 10 ಮಿ.ಮೀ. ಸಾಕು ಎಂದವರಿದ್ದರು, ನಾನು 12 ಮಿ.ಮೀ. ತೆಗೆದುಕೊಂಡೆ. ಮೇಲಂಚಿನಲ್ಲಿ ಗಾಜು ಹೊರಕ್ಕೆ ಬಾಗದಂತೆ ಹಿಡಿದಿಡಲು 10 ಸೆಂ.ಮೀ. ಅಗಲದ ಪಟ್ಟಿಗಳನ್ನು ಉದ್ದಕ್ಕೂ, ಎರಡನ್ನು ಅಡ್ಡಕ್ಕೂ ಅಂಟಿಸುವುದೆಂದು ತೀರ್ಮಾನಿಸಿದೆ. ಗಟ್ಟಿಯಾಗಿರುತ್ತದೆಂದು ಟಫನ್ಡ್ ಗಾಜು ಕೊಳ್ಳಲು ಹೊರಟವರು ಒಂದು ಮಾತು ನೆನಪಿಡಬೇಕು: ಅದನ್ನು ಆಮೇಲೆ ಕತ್ತರಿಸಲೂ ಆಗದು, ರಂಧ್ರ ಕೊರೆಯಲೂ ಆಗದು. ಕೊರೆಯಲು ಹೋದರೆ ಇಡೀ ಹಾಳೆ ಕಾಳುಕಾಳಾಗಿ ಉದುರುತ್ತದೆ. ನನ್ನದು ಸಾಧಾರಣ ಫ್ಲೋಟ್ ಗಾಜು, ಅಂಚುಗಳನ್ನು ಉಜ್ಜಿಸಿದ್ದು.

532 ಲೀಟರ್ ನೀರು, ಸುಮಾರು 120 ಕಿಲೊ ಗಾಜು, ಕಲ್ಲು, ಮರಳು, ಕಬ್ಬಿಣದ ಕಾಲುಮಣೆ ಎಲ್ಲ ಸೇರಿದರೆ ಭಾರ 800 ಕಿಲೊ ಮುಟ್ಟುತ್ತದೆ. ಅದು ನಿಲ್ಲುವ ಜಾಗ ಒಂದು ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ನಮ್ಮಲ್ಲಿ ವಾಸದ ಕೋಣೆಗಳ ಚಾವಣಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕಿಲೊ ಹೊರೆಗೆಂದು ಲೆಕ್ಕ ಹಾಕಿ ಕಟ್ಟುತ್ತಾರೆ. ಆದ್ದರಿಂದ ಮಹಡಿಯ ಕೋಣೆಯ ಆಸೆ ಬಿಟ್ಟು ಕೆಳಗೆ, ನೆಲದ ಮೇಲೆಯೇ ಇಟ್ಟೆ. ಕಾಲುಮಣೆಗೆ 40 ಮಿ.ಮೀ. ಚೌಕ ಕೊಳವೆ, ಅದರ ಮೇಲೆ 18 ಮಿ.ಮೀ. ಪ್ಲೈವುಡ್, ಅದರ ಮೇಲೆ 10 ಮಿ.ಮೀ. ಫೋಮ್ ಹಾಸು. ರಸಮಟ್ಟ ಇಟ್ಟು ನೋಡಿದರೆ ಒಂದು ತುದಿ 3 ಮಿ.ಮೀ. ತಗ್ಗು. ತಗಡಿನ ತುಂಡನ್ನು ಕಬ್ಬಿಣದ ಕಾಲಿನ ಕೆಳಗೆ ಕೊಡಬೇಕು, ಗಾಜಿನ ಕೆಳಗೆ ಎಂದೂ ಕೊಡಬಾರದು.

ಇನ್ನು ಸಿಲಿಕೋನ್. ಈ ಇಡೀ ಕೆಲಸದಲ್ಲಿ ನನ್ನ ಮರ್ಯಾದೆ ಕಳೆದದ್ದು ಇಲ್ಲಿಯೇ.

ವಿನೆಗರ್ ವಾಸನೆಯ, ಬೂಷ್ಟು ನಿರೋಧಕ ಬೆರೆಸಿರದ ಸಿಲಿಕೋನ್ ಬೇಕು. ಬಚ್ಚಲುಮನೆಗೆಂದು ಮಾರುವುದರಲ್ಲಿ ಬೂಷ್ಟು ಕೊಲ್ಲುವ ಮದ್ದಿರುತ್ತದೆ. ಅದು ಮೀನನ್ನೂ ಬಿಡುವುದಿಲ್ಲ. ಗಾಜಿನ ಅಂಚುಗಳನ್ನು ಅಸಿಟೋನ್‌ನಿಂದ ಒರೆಸಿ, ಎರಡೂ ಬದಿಗೆ ಕಾಗದದ ಟೇಪು ಹಚ್ಚಿ, ತಳದ ಗಾಜಿನ ಮೇಲೆ ಸುತ್ತಲೂ ಒಂದೇ ಸಲಕ್ಕೆ ಅಂಟಿನ ಎಳೆ ಬಿಟ್ಟೆ. ಹಿಂದಿನ ಗಾಜು ನಿಂತಿತು, ಎರಡು ಬದಿಯವು ನಿಂತವು. ಪ್ರತಿಯೊಂದನ್ನೂ ನೇರ ಮಾಡಿ, ಟೇಪು ಕಟ್ಟಿ, ದೂರ ನಿಂತು ನೋಡಿ ಮೆಚ್ಚಿಕೊಂಡೆವು. ಸೆಕೆ ಎಂದು ಫ್ಯಾನು ಬೇರೆ ಹಾಕಿಕೊಂಡಿದ್ದೆವು. ಕೊನೆಗೆ ಮುಂದಿನ ಗಾಜು. ಅದೊಂದೇ 32 ಕಿಲೊ. ಅದನ್ನು ಇಳಿಸುವ ಹೊತ್ತಿಗೆ ಮುಂಭಾಗದ ಎಳೆ ಬಿಟ್ಟು ಕಾಲು ಗಂಟೆ ದಾಟಿತ್ತು. ಸಿಲಿಕೋನ್ ಗಾಳಿಯ ತೇವಕ್ಕೆ ಹೆಪ್ಪುಗಟ್ಟುವ ವಸ್ತು. ಹತ್ತು ನಿಮಿಷದಲ್ಲಿ ಹಾಲಿನ ಕೆನೆಯಂತೆ ಮೇಲೆ ಪೊರೆ ಕಟ್ಟುತ್ತದೆ. ಪೊರೆ ಕಟ್ಟಿದ ಮೇಲೆ ಗಾಜು ಒತ್ತಿದರೆ ಕೂತಂತೆ ಕಾಣುತ್ತದೆ, ಅಂಟಿರುವುದಿಲ್ಲ.

ಏಳು ದಿನ ಒಣಗಲು ಬಿಟ್ಟು, ಕೆಳಗೆ ಹಳೆಯ ಪತ್ರಿಕೆ ಹಾಸಿ ನೀರು ತುಂಬಿದೆ. 20 ಸೆಂ.ಮೀ.ಗೆ ಒಣಗಿತ್ತು. 40ಕ್ಕೂ ಒಣಗಿತ್ತು. 52ಕ್ಕೆ ತುಂಬಿ ಮಲಗಿದೆ. ಬೆಳಿಗ್ಗೆ ನೋಡಿದರೆ ಎಡಮೂಲೆಯ ಪತ್ರಿಕೆಯ ಮೇಲೆ ಅಂಗೈಯಗಲದ ಒದ್ದೆ. ಬೆರಳಿನಿಂದ ಒರೆಸಿ ಕಾದೆ. ನಾಲ್ಕು ನಿಮಿಷಕ್ಕೊಂದು ಹನಿ.

ಆ ಹೊತ್ತಿಗೆ ಬರುವ ದುರ್ಬುದ್ಧಿ ಎಂದರೆ ಹೊರಗಿನಿಂದ ಒಂದಿಷ್ಟು ಸಿಲಿಕೋನ್ ಮೆತ್ತುವುದು. ನಾನೂ ಟ್ಯೂಬು ಕೈಗೆತ್ತಿಕೊಂಡಿದ್ದೆ. ಆದರೆ ಒತ್ತಡ ಇರುವುದು ಒಳಗಿನಿಂದ. ಹೊರಗಿನ ತೇಪೆಯನ್ನು ನೀರು ತಳ್ಳುತ್ತಲೇ ಇರುತ್ತದೆ. ಜೊತೆಗೆ ಗಟ್ಟಿಯಾದ ಹಳೆಯ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ. ಮುಂದಿನ ಗಾಜನ್ನೇ ಬಿಡಿಸುವುದೊಂದೇ ದಾರಿ. ನೀರು ಖಾಲಿ ಮಾಡಿ, ಮೇಲಿನ ಪಟ್ಟಿಯನ್ನು ಬ್ಲೇಡಿನಿಂದ ಕತ್ತರಿಸಿ, ಕೆಳಗಿನ ಸಂದಿಗೆ ಗಿಟಾರಿನ ಸಣ್ಣ ತಂತಿ ತೂರಿಸಿ ಇಬ್ಬರೂ ಎರಡು ತುದಿ ಹಿಡಿದು ಗರಗಸದಂತೆ ಎಳೆದೆವು. ಬೇರೆ ಕಡೆಯೆಲ್ಲ ತಂತಿಗೆ ಬೆವರು ಸುರಿಸಬೇಕಾಯಿತು. ಎಡಮೂಲೆಯ ಒಂದು ಗೇಣು ಮಾತ್ರ ಬೆಣ್ಣೆಯಂತೆ ಬಿಟ್ಟುಕೊಂಡಿತು. ತಪ್ಪು ಎಲ್ಲಿತ್ತೆಂದು ತಂತಿಯೇ ತೋರಿಸಿಕೊಟ್ಟಿತು.

ಹಳೆಯ ಸಿಲಿಕೋನ್ ತೆಗೆಯಲು ಅಸಿಟೋನ್ ಉಪಯೋಗವಿಲ್ಲ, ಅದು ಕರಗಿಸುವುದಿಲ್ಲ. ಬ್ಲೇಡಿನಿಂದ ಹೆರೆಯಬೇಕು, ಉಗುರಿಗೆ ನುಣುಪು ತಾಕುವವರೆಗೆ. ಎರಡು ದಿನ ಅದೇ ಕೆಲಸ. ಎರಡನೆಯ ಸಲ ಫ್ಯಾನು ಆರಿಸಿ, ಟ್ಯೂಬುಗಳ ಮೂತಿಯನ್ನು ಮೊದಲೇ ಕತ್ತರಿಸಿಟ್ಟುಕೊಂಡು, ಮೂವರು ನಿಂತು, ಎಳೆ ಬಿಟ್ಟ ನಾಲ್ಕು ನಿಮಿಷದೊಳಗೆ ಗಾಜು ಕೂರಿಸಿದೆವು. ಯಾರೂ ಮೆಚ್ಚಿಕೊಳ್ಳಲಿಲ್ಲ. ಅಂಟು ಪೂರ್ತಿ ಹೊರಕ್ಕೆ ಹಿಸುಕಿ ಗಾಜಿಗೆ ಗಾಜು ತಾಕುವಂತೆ ಒತ್ತಬಾರದು. ನಡುವೆ ಒಂದು ಮಿಲಿಮೀಟರಿನ ಸಿಲಿಕೋನ್ ಉಳಿಯಬೇಕು, ರಬ್ಬರಿನಂತೆ ಎಳೆತ ತಾಳುವುದು ಅದೇ. ಹತ್ತು ದಿನ ಬಿಟ್ಟು ಮತ್ತೆ ತುಂಬಿದೆ. ಒಂದು ವಾರ ಪತ್ರಿಕೆ ಒಣಗಿಯೇ ಇತ್ತು. ಅಷ್ಟರಲ್ಲಿ ಅದರಲ್ಲಿದ್ದ ಪದಬಂಧವನ್ನೂ ಬಿಡಿಸಿ ಮುಗಿಸಿದ್ದೆ.

ಸೋಸುವ ವ್ಯವಸ್ಥೆಗೆ ತೊಟ್ಟಿಯ ಕೆಳಗೆ ಇನ್ನೊಂದು ಚಿಕ್ಕ ಗಾಜಿನ ತೊಟ್ಟಿ. ಇದಕ್ಕೂ ಸಂಪ್ ಎಂದೇ ಹೆಸರು. ಮೇಲಿನ ನೀರು ಹಿಂಬದಿಯ ಬಾಚಣಿಗೆ ಹಲ್ಲಿನ ತಡೆ ದಾಟಿ, ಕೊರೆದ ರಂಧ್ರದಿಂದ ಕೊಳವೆ ಹಿಡಿದು ಸಂಪಿಗಿಳಿಯುತ್ತದೆ. ಸ್ಪಂಜು, ರಂಧ್ರಗಲ್ಲು ದಾಟಿ ಪಂಪಿನಿಂದ ಮೇಲಕ್ಕೆ ಹೋಗುತ್ತದೆ. ಇಲ್ಲಿ ತಿಳಿದಿರಬೇಕಾದ ಅಂಕಿ ಒಂದೇ: ನನ್ನ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ ಹತ್ತು ಲೀಟರ್. ವಿದ್ಯುತ್ ಹೋದಾಗ ಮೇಲೇರುವ ಕೊಳವೆ ತಿರುಗುಮುರುಗಾಗಿ ನೀರನ್ನು ಕೆಳಗೆ ಎಳೆಯತೊಡಗುತ್ತದೆ, ತನ್ನ ಬಾಯಿ ಗಾಳಿಗೆ ತೆರೆಯುವವರೆಗೆ. ನನ್ನ ಕೊಳವೆಯ ಬಾಯಿ ನೀರಿನ ಮಟ್ಟದಿಂದ 6 ಸೆಂ.ಮೀ. ಕೆಳಗಿತ್ತು. ಸಂಪಿನಲ್ಲಿ ಖಾಲಿ ಇದ್ದದ್ದು 35 ಲೀಟರಿನ ಜಾಗ. ಪರೀಕ್ಷೆಗೆಂದು ಸ್ವಿಚ್ ಆರಿಸಿದೆ. ಉಳಿದ ಲೆಕ್ಕವನ್ನು ನೆಲ ಒರೆಸುತ್ತ ಮಾಡಿದೆ. ಕೊಳವೆಯಲ್ಲಿ ನೀರಿನ ಮಟ್ಟಕ್ಕಿಂತ ಒಂದು ಸೆಂಟಿಮೀಟರ್ ಕೆಳಗೆ ಚಿಕ್ಕ ರಂಧ್ರ ಕೊರೆದ ಮೇಲೆ ಆ ತೊಂದರೆ ತೀರಿತು. ಪಾಚಿ ಆ ರಂಧ್ರವನ್ನು ಮುಚ್ಚುತ್ತದೆ. ತಿಂಗಳಿಗೊಮ್ಮೆ ಕಡ್ಡಿ ಹಾಕುತ್ತೇನೆ.

ಇಷ್ಟಾದರೂ ಅದು ಹಳ್ಳವಾಗಿರಲಿಲ್ಲ, ನೀರು ತುಂಬಿದ ಡಬ್ಬಿಯಾಗಿತ್ತು. ಹಳ್ಳವಾಗಬೇಕಾದರೆ ಹರಿಯಬೇಕು. ಗಂಟೆಗೆ 8,000 ಲೀಟರ್ ತಳ್ಳುವ ಪಂಪು ತಂದಾಗ ಭಾರಿ ಸೆಳವು ಬರುತ್ತದೆಂದು ಭಾವಿಸಿದ್ದೆ. ಕಾಗದದ ಮೇಲೆ ಭಾಗಿಸಿ ನೋಡಿದೆ. ತೊಟ್ಟಿಯ ಅಡ್ಡಕೊಯ್ತ ಸುಮಾರು 0.3 ಚದರ ಮೀಟರ್. ಅಷ್ಟೂ ಅಗಲಕ್ಕೆ ಆ ನೀರು ಹಂಚಿದರೆ ವೇಗ ಸೆಕೆಂಡಿಗೆ ಮುಕ್ಕಾಲು ಸೆಂಟಿಮೀಟರ್. ಇರುವೆಯೂ ಇದಕ್ಕಿಂತ ಬೇಗ ನಡೆಯುತ್ತದೆ. ಸೆಕೆಂಡಿಗೆ 30 ಸೆಂ.ಮೀ. ವೇಗ ಬೇಕೆಂದರೆ ಗಂಟೆಗೆ ಮೂರು ಲಕ್ಷಕ್ಕೂ ಹೆಚ್ಚು ಲೀಟರ್ ತಿರುಗಿಸಬೇಕು. ಅದು ಮನೆಯೊಳಗೆ ಆಗುವ ಕೆಲಸವಲ್ಲ.

ಹಳ್ಳ ತಾನೇ ಇದಕ್ಕೆ ಉಪಾಯ ಮಾಡಿಕೊಂಡಿದೆ. ಅದು ಎಲ್ಲ ಕಡೆಯೂ ರಭಸವಾಗಿ ಹರಿಯುವುದಿಲ್ಲ. ಎರಡು ಬಂಡೆಗಳ ಸಂದಿನಲ್ಲಿ ನುಗ್ಗುತ್ತದೆ, ಮುಂದೆ ಮಡುವಿನಲ್ಲಿ ನಿದ್ದೆ ಮಾಡುತ್ತದೆ. ನಾನೂ ಅದನ್ನೇ ಮಾಡಿದೆ. ಬಲತುದಿಯಲ್ಲಿ ಎರಡು ಪಂಪು, ಅವುಗಳ ಮುಂದೆ ದೊಡ್ಡ ಕಲ್ಲುಗಳನ್ನು ಜೋಡಿಸಿ 15 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರದ ಓಣಿ. ಎರಡು ಪಂಪಿನ ನೀರೂ ಆ ಓಣಿಯಲ್ಲೇ ಹಾದರೆ ಲೆಕ್ಕಕ್ಕೆ ಸೆಕೆಂಡಿಗೆ 25 ಸೆಂ.ಮೀ. ಎಲೆಯ ಚೂರು ಬಿಟ್ಟು ನೋಡಿದಾಗ ಅಷ್ಟಿರಲಿಲ್ಲ, ಕಲ್ಲುಗಳ ಸಂದುಗೊಂದಿನಲ್ಲಿ ನೀರು ಸೋರಿ ಹೋಗುತ್ತಿತ್ತು. ಸಣ್ಣ ಕಲ್ಲು ತುರುಕಿದೆ, ಕೋನ ಬದಲಿಸಿದೆ, ಮತ್ತೆ ಎಲೆ ಬಿಟ್ಟೆ. ಈ ಆಟ ಮೂರು ವಾರ ನಡೆಯಿತು. ಈಗ ನೀರು ಓಣಿಯಿಂದ ನುಗ್ಗಿ, ಮುಂಗಾಜಿನ ಉದ್ದಕ್ಕೂ ಓಡಿ, ಎಡತುದಿಯಲ್ಲಿ ತಿರುಗಿ, ಹಿಂಬದಿಯಿಂದ ಮೆಲ್ಲಗೆ ಮರಳುತ್ತದೆ. ಎಡಗಡೆ ಒಂದು ಮಡು ತಾನಾಗಿ ಆಗಿದೆ. ಉದುರಿದ ಎಲೆಗಳೆಲ್ಲ ಅಲ್ಲೇ ಬಂದು ಕೂಡುತ್ತವೆ.

ಕಲ್ಲುಗಳನ್ನು ಕಾಡಿನ ಹಳ್ಳದಿಂದ ತರಲಿಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಏನನ್ನಾದರೂ ಎತ್ತಿ ತರುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಪ್ಪುವುದಿಲ್ಲ. ಕಾಯ್ದೆಯ ಮಾತು ಹಾಗಿರಲಿ, ಹಳ್ಳದ ಪ್ರತಿ ಕಲ್ಲಿನ ಅಡಿಯೂ ಯಾವುದೋ ಮೀನಿನ, ಹುಳುವಿನ ಮನೆ. ತೋಟದ ಅಲಂಕಾರಕ್ಕೆ ಮಾರುವ ಉರುಟುಗಲ್ಲುಗಳೇ ಸಾಕಾದವು. ಪ್ರತಿಯೊಂದರ ಮೇಲೂ ಆಮ್ಲದ ಹನಿ ಹಾಕಿ ನೋಡಿದೆ. ನೊರೆ ಬಂದರೆ ಸುಣ್ಣಗಲ್ಲು, ನೀರನ್ನು ಗಡುಸು ಮಾಡುತ್ತದೆ. ಘಟ್ಟದ ನೀರು ಮೆದು, ಕೊಳವೆಬಾವಿಯದು ಗಡುಸು. ಚಾವಣಿಯ ಮಳೆನೀರನ್ನು, ಮೊದಲ ಮಳೆಯ ಕೊಳೆ ಹರಿದು ಹೋದ ಮೇಲೆ ಹಿಡಿದದ್ದನ್ನು, ಅರ್ಧಕ್ಕರ್ಧ ಬೆರೆಸುತ್ತೇನೆ.

ಗಿಡಗಳ ವಿಷಯದಲ್ಲಿ ಹಳ್ಳ ನನಗೆ ಸ್ವಲ್ಪ ಕರುಣೆ ತೋರಿಸಿತು. ಘಟ್ಟದ ನದಿಗಳಲ್ಲೇ ಬೆಳೆಯುವ ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್, ರಿಬ್ಬನ್ನಿನಂಥ ಸುಕ್ಕು ಎಲೆಗಳದ್ದು, ಓಣಿಯಾಚೆ ನೆಟ್ಟೆ. ಹತ್ತು ದಿನದಲ್ಲಿ ಎಲೆಗಳೆಲ್ಲ ಕರಗಿ ಲೋಳೆಯಾದವು. ಈ ಜಾತಿಯ ಗಿಡಗಳು ಜಾಗ ಬದಲಾದರೆ ಹೀಗೆಯೇ ಮುನಿಯುತ್ತವೆ. ಬೇರು ಕೀಳದಿದ್ದರೆ ಸಾಕು. ನಾಲ್ಕನೆಯ ವಾರಕ್ಕೆ ಹೊಸ ಎಲೆ ಬಂತು, ಈ ಸಲ ಹರಿವಿನ ದಿಕ್ಕಿಗೆ ಒರಗಿಕೊಂಡು. ಲಾಗೆನಾಂಡ್ರ ಮೀಬೋಲ್ಡೈ ಹಳ್ಳದಂಚಿನ ಗಿಡ. ಅದರ ಗೆಡ್ಡೆಯನ್ನು ಪೂರ್ತಿ ಹೂಳದೆ ಕಲ್ಲಿನ ಬುಡಕ್ಕೆ ಸಿಕ್ಕಿಸಿದೆ. ನಿಧಾನಿ, ಆದರೆ ಗಟ್ಟಿಜೀವ. ಮಡುವಿಗೆ ವ್ಯಾಲಿಸ್ನೇರಿಯ, ನೀರುಬ್ರಾಹ್ಮಿ. ಸೋತದ್ದು ರೊಟಾಲ ಮ್ಯಾಕ್ರಾಂಡ್ರದಲ್ಲಿ. ದಕ್ಷಿಣ ಭಾರತದ್ದೇ ಆದ ಆ ಕೆಂಪು ಗಿಡಕ್ಕೆ ಬೆಳಕೂ ಇಂಗಾಲದ ಡೈಆಕ್ಸೈಡೂ ಧಾರಾಳವಾಗಿ ಬೇಕು. ನನ್ನ ರಭಸದ ನೀರಿನಲ್ಲಿ ಆ ಅನಿಲ ನಿಲ್ಲುವುದಿಲ್ಲ. ಕೆಳಗಿನಿಂದ ಎಲೆ ಉದುರಿಸುತ್ತ ಬಂದು ತಿಂಗಳಲ್ಲಿ ಕಡ್ಡಿಯಾಯಿತು. ಎರಡನೆಯ ಬಾರಿ ತರಲಿಲ್ಲ.

ಇದೇ ಹೊತ್ತಿನಲ್ಲಿ ಮೀನಿಲ್ಲದ ತೊಟ್ಟಿಗೆ ಹನಿಹನಿಯಾಗಿ ಅಮೋನಿಯಾ ಹಾಕುತ್ತಿದ್ದೆ. ನೋಡಿದವರಿಗೆ ಇದು ಹುಚ್ಚು. ಮೀನಿನ ಹೇಲಿನಿಂದ, ಕಿವಿರಿನಿಂದ ಹೊರಬೀಳುವ ಅಮೋನಿಯಾ ಮೀನಿಗೇ ವಿಷ. ಅದನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಬೇಕು. ನೈಟ್ರೈಟೂ ವಿಷವೇ, ಅದನ್ನು ನೈಟ್ರೇಟ್ ಮಾಡುವ ಇನ್ನೊಂದು ಬಗೆಯದು ಬೇಕು. ಇವು ಕಲ್ಲು, ಸ್ಪಂಜುಗಳ ಮೇಲೆ ಒಕ್ಕಲು ಹೂಡಲು ವಾರಗಟ್ಟಲೆ ಹಿಡಿಯುತ್ತದೆ. ನನ್ನಲ್ಲಿ 38 ದಿನ. ಹಾಕಿದ ಅಮೋನಿಯಾ ಮರುದಿನಕ್ಕೆ ಸೊನ್ನೆ, ನೈಟ್ರೈಟೂ ಸೊನ್ನೆ ಎಂದು ಪರೀಕ್ಷೆಯ ಬಣ್ಣ ಹೇಳಿದ ಮೇಲೆಯೇ ಮೀನಿನ ಯೋಚನೆ ಮಾಡಿದೆ.

ಕೆಂಪುಗೆರೆಯ ಡೆನಿಸನ್ ಬಾರ್ಬ್ ತರಬೇಕಿತ್ತು ಎಂದು ಎಲ್ಲರೂ ಹೇಳುತ್ತಾರೆ. ಕೇರಳ ಮತ್ತು ದಕ್ಷಿಣ ಕರ್ನಾಟಕದ ಕೆಲವು ನದಿಗಳಲ್ಲಿ ಮಾತ್ರ ಇರುವ ಆ ಮೀನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಅಳಿವಿನಂಚಿನದು, ಮತ್ತು ಅದನ್ನು ಆ ಅಂಚಿಗೆ ತಳ್ಳಿದ ಕಾರಣಗಳಲ್ಲಿ ಅಕ್ವೇರಿಯಂ ವ್ಯಾಪಾರವೂ ಒಂದು. ಬಿಟ್ಟೆ. ಅದರ ಬದಲು ತೊಟ್ಟಿಯಲ್ಲೇ ಮರಿಯಾದ ಹಲುದಾರಿಯಾ ಫ್ಯಾಸಿಯಾಟಾ ಹದಿನಾಲ್ಕು. ಕಿರುಬೆರಳಿನಷ್ಟಿರುವ, ಕಪ್ಪು ಪಟ್ಟೆಯ ಈ ಮೀನಿನ ಕುಲಕ್ಕೆ ಮೊದಲು ದ್ರಾವಿಡಿಯಾ ಎಂದು ಹೆಸರಿಟ್ಟಿದ್ದರು. ಆ ಹೆಸರು ಆಗಲೇ ಒಂದು ನೊಣಕ್ಕೆ ಸಂದಿದೆ ಎಂದು ಗೊತ್ತಾಗಿ 2013ರಲ್ಲಿ ಬದಲಿಸಿದರು. ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ಪ್ರಕಟಿಸಿದ ಗಂಗೆಯ ಮೀನುಗಳ ಗ್ರಂಥಕ್ಕೆ ಚಿತ್ರ ಬರೆದ ಹಲುದಾರ್ ಎಂಬ ಬಂಗಾಳಿ ತರುಣನ ಹೆಸರು ಈಗ ಅದಕ್ಕಿದೆ. ದೊರೆಗಳ ಹೆಸರಿನ ಮೀನುಗಳ ನಡುವೆ ಒಬ್ಬ ಚಿತ್ರಗಾರನ ಹೆಸರಿನದು ಮನೆಯಲ್ಲಿದೆ ಎಂಬುದು ನನಗೊಂದು ಸಣ್ಣ ಹೆಮ್ಮೆ.

ಡಾಕಿನ್ಸಿಯಾ ಫಿಲಮೆಂಟೋಸಾ ಎಂಟು, ಬೆನ್ನುರೆಕ್ಕೆಯಿಂದ ದಾರದೆಳೆ ಬೆಳೆಸುವ ಬಾರ್ಬ್. ಮರಿಗಳಿಗೆ ಪಟ್ಟೆಗಳಿರುತ್ತವೆ, ಬೆಳೆದಂತೆ ಅವು ಮಾಸಿ ಬಾಲದ ಬಳಿಯ ಕಪ್ಪು ಬೊಟ್ಟು ಮಾತ್ರ ಉಳಿಯುತ್ತದೆ. ಆರು ತಿಂಗಳ ನಂತರ ಬಂದವರು ‘ಹಳೆಯವು ಸತ್ತವೇ?’ ಎಂದು ಕೇಳಿದರು. ದೇವಾರಿಯೊ ಮಲಬಾರಿಕಸ್ ಹತ್ತು ತಂದೆ, ಈಗ ಒಂಬತ್ತಿವೆ. ಹಾರುವ ಮೀನೆಂದು ತಿಳಿದೂ ಮೇಲಿನ ಪಟ್ಟಿಗಳ ನಡುವಿನ ಜಾಗಕ್ಕೆ ಬಲೆ ಹಾಕುವುದನ್ನು ಒಂದು ರಾತ್ರಿ ಮುಂದೂಡಿದ್ದೆ. ಪರಿಚಿತ ರೈತರೊಬ್ಬರ ಗದ್ದೆಯ ಕಾಲುವೆಯಿಂದ, ಅವರ ಒಪ್ಪಿಗೆಯಿಂದ, ನಾಲ್ಕು ಗರ್ರಾ ಮುಲ್ಯ ಮತ್ತು ಎಂಟು ಲೆಪಿಡೊಸೆಫಲಿಕ್ತಿಸ್ ಥರ್ಮಾಲಿಸ್ ಬಂದವು. ಎರಡನೆಯದು ಮರಳಿನಲ್ಲಿ ಹೂತುಕೊಂಡು ಕಣ್ಣು ಮಾತ್ರ ಹೊರಗಿಡುವ ಬೆರಳುದ್ದದ ಮೀಸೆಮೀನು.

ಗರ್ರಾಗಳನ್ನು ಮಡುವಿನಲ್ಲಿ ಬಿಟ್ಟೆ. ಒಂದು ಗಂಟೆ ಅಲ್ಲೇ ಇದ್ದವು. ಆಮೇಲೆ ಒಂದೊಂದಾಗಿ ಮುಂಗಾಜಿನ ಉದ್ದಕ್ಕೂ ಹರಿವಿಗೆ ಎದುರಾಗಿ ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ ಹೋಗಿ ಓಣಿಯ ಬಾಯಿಯಲ್ಲಿ ಅಂಟಿಕೊಂಡವು. ಗದ್ದದ ಕೆಳಗಿನ ಬಿಲ್ಲೆಯನ್ನು ಕಲ್ಲಿಗೊತ್ತಿ, ಮೂತಿಯನ್ನು ನೀರಿನ ರಭಸಕ್ಕೊಡ್ಡಿ. ಮೂರು ವಾರ ನಾನು ಎಲೆಯ ಚೂರು ಬಿಟ್ಟು ಹುಡುಕಿದ, ಅತಿ ಹೆಚ್ಚು ಸೆಳವಿದ್ದ ಜಾಗವನ್ನು ಅವು ಒಂದೇ ಮಧ್ಯಾಹ್ನದಲ್ಲಿ ಕಂಡುಹಿಡಿದವು.

ಮೀಸೆಮೀನುಗಳಲ್ಲಿ ಒಂದು ಎರಡನೆಯ ವಾರ ಕಾಣೆಯಾಯಿತು. ಎಂಟನ್ನು ಒಟ್ಟಿಗೆ ಎಣಿಸುವುದು ಹೇಗೂ ಕಷ್ಟ, ಸತ್ತಿರಬೇಕೆಂದುಕೊಂಡೆ. ತಿಂಗಳ ನಂತರ ಸ್ಪಂಜು ತೊಳೆಯಲು ಸಂಪಿನ ಮುಚ್ಚಳ ತೆಗೆದರೆ ತಳದ ಕೆಸರಿನಲ್ಲಿ ಎರಡು ಕಣ್ಣು. ಈ ಜಾತಿ ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುತ್ತದೆ; ಹಾಗೆ ಬಂದಾಗ ಬಾಚಣಿಗೆ ಹಲ್ಲಿನ ಸಂದಿನಿಂದ ಜಾರಿ ಕೊಳವೆಯಲ್ಲಿ ಇಳಿದಿರಬೇಕು. ಮೇಲಿನವುಗಳಿಗಿಂತ ದಪ್ಪಗಾಗಿತ್ತು. ಹಿಡಿದು ಮೇಲೆ ಬಿಟ್ಟೆ. ಹದಿನೈದು ದಿನದಲ್ಲಿ ಮತ್ತೆ ಸಂಪಿನಲ್ಲಿತ್ತು. ಹಲ್ಲುಗಳ ಸಂದು ಕಿರಿದು ಮಾಡಲು ಪ್ಲಾಸ್ಟಿಕ್ ಜಾಲರಿ ತಂದಿಟ್ಟಿದ್ದೇನೆ, ಇನ್ನೂ ಹಾಕಿಲ್ಲ. ಬಂದವರು ತೊಟ್ಟಿಯನ್ನು ನೋಡಿ ಮುಗಿಸಿದ ಮೇಲೆ ಕೆಳಗಿನ ಬಾಗಿಲು ತೆರೆದು ಅದನ್ನೂ ತೋರಿಸುತ್ತೇನೆ. ಈಗ ನಿಜವಾಗಿಯೂ ಕಲ್ಲಿನ ಹಿಂದೆ ಮೀನಿದೆ, ಆದರೆ ಯಾರೂ ನಂಬುವುದಿಲ್ಲ.